ಸೊಸಿ ಓಡಾಟದ ಲೆಕ್ಕಾ

ಹ್ವಾದ ಸಲ ಅಗಸಿ ಚಟ್ನಿಪುಡಿ ಬಗ್ಗೆ ಬರದಿದ್ದೆ, ಧಾರವಾಡದಿಂದ ನಮ್ಮ ವೈನಿ ಫೋನ್ ಮಾಡಿ "ಉಪ್ಪು ಎಷ್ಟಂತ ಬರದೇ ಇಲ್ಲಲ್ಲ" ಅಂತ ಬೈದ್ರು. ಈ ಸಲ ಅಳತಿ ತಪ್ಪಂಗಿಲ್ಲ, ಯಾಕಂದ್ರ ಇವತ್ತು ಬರಿಯೂದೇ ಲೆಕ್ಕಾ. ಲೋಕಲ್ ಗಾಡಿ ಲೆಕ್ಕಾ. ಠಾಣಾದಿಂದ ವಿ.ಟಿ.ಗೆ ದಿನಾ ಹೋಗಿ ಬರ್ಲಿಕ್ಕೆ ಎಷ್ಟು ಖರ್ಚಾಗ್ತದ ಅನ್ನೂದು. ಊರಾಗಿರೋರು ಇದು ನಮಗ್ಯಾಕ ಅನಬ್ಯಾಡ್ರಿ. ನಿಮ್ಮನ್ಯಾಗೂ ಮಗಳೋ ಸೊಸಿಯೋ ನೌಕರಿಗೆ ಹೊಂಟ್ರ ಇದs ಲೆಕ್ಕಾ ಬರ್ತದ, ಲೋಕಲ್ ಬದಲಿ ಬಸ್ ಇರ್ತದ ಅಷ್ಟ.

ನಮ್ಮ ಸೊಸಿ ಬಿ.ಕಾಂ. ಓದ್ಯಾಳ. ಮೊಮ್ಮಗ ಹುಟ್ಟೂಕಿಂತ ಮದಲ ಇಲ್ಲೇ ಠಾಣಾದಾಗ ಒಂದು ಕಡೆ ಲೆಕ್ಕ ಬರಿಯೂ ಕೆಲಸ ಮಾಡ್ತಿದ್ಲು, ಆಮ್ಯಾಲೆ ಬಿಟ್ಲು. ಈಗ ಹುಡುಗಗ ಮೂರು ವರ್ಷ ತುಂಬೇದ, ಮುಂಜಾನೆ ಎರಡೂವರಿ ತಾಸು ಬಾಲವಾಡಿಗೆ ಹೋಗ್ತಾನ. ಅಕಿಗೆ ಫೋರ್ಟಿನ್ಯಾಗ ಒಂದು ಆಫೀಸಿನ್ಯಾಗ ಕೆಲಸ ಬಂತು. ತಿಂಗಳಿಗೆ ಇಪ್ಪತ್ತೆಂಟು ಸಾವಿರ ಕೊಡ್ತೀವಿ ಅಂದಾರ. ವಾರಕ್ಕ ಆರು ದಿನ.

ಒಂದು ರವಿವಾರ ಮಧ್ಯಾಹ್ನ ಊಟಾದ ಮ್ಯಾಲೆ ಇದರ ಮಾತು ತೆಗದ್ರು. ನನ್ನ ಮಗಾ ಫೋನಿನ್ಯಾಗ ಲೆಕ್ಕಾ ಹಚ್ಚಿದ. "ಓಡಾಟಕ್ಕ ದಿನಾ ನೂರಾ ಐವತ್ತರ ಹಿಡೀಬೇಕು, ಇಪ್ಪತ್ತಾರು ದಿನಕ್ಕ ಮೂರು ಸಾವಿರದ ಒಂಬೈನೂರು. ಮಧ್ಯಾಹ್ನ ಊಟಾ, ಚಹಾ ಮೂರು ಸಾವಿರ. ಹುಡುಗನ್ನ ಪಾಳಣಾಘರದಾಗ ಇಟ್ರ ಎಂಟು ಸಾವಿರ. ಬಟ್ಟಿ-ಬರಿ, ಚಪ್ಪಲಿ, ಬ್ಯಾಗು ಅಂತ ಎರಡು ಸಾವಿರ. ಅಡಗಿ ಮಾಡೋರನ್ನ ಹಚ್ಚಿದ್ರ ನಾಲ್ಕು ಸಾವಿರ. ಕಡೀಕ ಉಳಿಯೂದು ಏಳು ಸಾವಿರ. ಏಳು ಸಾವಿರಕ್ಕ ಇಷ್ಟು ದೂರ ಒದ್ದಾಡೂದು ಬೇಕೇನು?"

ಅಂವ ಕೆಟ್ಟ ಹುಡುಗ ಅಲ್ಲ. ಅಕಿ ಮ್ಯಾಲಿನ ಕಾಳಜಿಗೇ ಅಂದದ್ದು. ಸೊಸಿ ಏನೂ ಅನ್ಲಿಲ್ಲ, ತಾಟು ಎತ್ತಿಕೊಂಡು ಒಳಗ ಹೋದ್ಲು. ಆವಾಗ ನಾನೂ ಒಂದು ಮಾತು ಆಡಿದೆ. "ಯಾಕ ಬೇಕವಾ ಈ ಗದ್ದಲಾ, ಇಲ್ಲೇ ಹತ್ತರ ಏನರೆ ಸಿಕ್ರ ನೋಡೂಣು" ಅಂದೆ. ನಿಮ್ಮ ಮುಂದ ಮುಚ್ಚಿಡೂದು ಏನದ, ಆ ಮಾತು ನನ್ನ ಬಾಯಿಂದs ಬಂತು.

ಅವತ್ತು ರಾತ್ರಿ ನಿದ್ದಿ ಹತ್ಲಿಲ್ಲ. ಯಾಕಂದ್ರ ಇದs ಲೆಕ್ಕಾ ನಾ ಒಮ್ಮೆ ಕೇಳಿದ್ದೆ, ಮೂವತ್ತು ವರ್ಷದ ಹಿಂದ.

1995ನೇ ಇಸವಿ. ನಾ ಪಿ.ಯು.ಸಿ. ಮುಗಿಸಿ, ಟೈಪಿಂಗ್ ಪರೀಕ್ಷಾ ಪಾಸಾಗಿ, ಮದುವ್ಯಾಗಿ ಈ ಊರಿಗೆ ಬಂದು ಐದು ವರ್ಷ ಆಗಿತ್ತು. ಮಗಗ ಮೂರು ವರ್ಷ. ದಾದರ ಕಡೆ ಒಂದು ಸಾಲಿಯೊಳಗ ಆಫೀಸಿನ್ಯಾಗ ಗುಮಾಸ್ತಿ ಕೆಲಸ ಅದ, ಕನ್ನಡ ಬರೂ ಹೆಣಮಗಳು ಬೇಕಾಗ್ಯಾಳ ಅಂತ ಪರಿಚಯದವ್ರೊಬ್ಬರು ಹೇಳಿ ಕಳಿಸಿದ್ರು. ಪಗಾರ ಸಾವಿರದ ನಾಲ್ಕನೂರು. ನಮ್ಮ ಮಾವನವ್ರು ಭಾಳ ಲೆಕ್ಕದ ಮನಷ್ಯಾ. ಕ್ಯಾಲೆಂಡರಿನ ಹಳೀ ಹಾಳಿ ಹರದು, ಅದರ ಹಿಂದ ಪೆನ್ಸಿಲ್‌ಲೆ ಲೆಕ್ಕಾ ಬರದ್ರು. ಗಾಡಿ ಖರ್ಚು, ಬಸ್ಸು, ಸೀರಿ, ಇಸ್ತ್ರಿ, ಚಪ್ಪಲಿ, ಹೊರಗಿನ ಚಹಾ, ಹುಡುಗನ್ನ ನೋಡ್ಕೊಳ್ಳೋರಿಗೆ ಇಷ್ಟು. ಎಲ್ಲಾ ಕಳದು ಇನ್ನೂರ ಚಿಲ್ಲರ ಉಳೀತು. "ಇನ್ನೂರು ರೂಪಾಯಿಗೆ ಮನಿ ಬಿಟ್ಟು ಹೋಗ್ತಿಯೇನವಾ?" ಅಂತ ಕೇಳಿದ್ರು. ಸಿಟ್ಟಿಲೆ ಅಲ್ಲ, ನಕ್ಕೋತs ಕೇಳಿದ್ರು. ನಾನೂ ನಕ್ಕೆ. ಹೌದಲ್ಲಾ, ಇನ್ನೂರು ರೂಪಾಯಿಗೆ ಯಾರು ಹೋಗ್ತಾರ? ಅಲ್ಲಿಗೆ ಆ ಮಾತು ಮುಗೀತು.

ಈಗ ಮಗನ ಲೆಕ್ಕಾ ಕೇಳಿದ ಮ್ಯಾಲೆ, ಆ ಹಾಳಿ ಮ್ಯಾಲಿನ ಮದಲನೇ ಸಾಲು ಕಣ್ಣಮುಂದ ಬಂತು. ಗಾಡಿ ಖರ್ಚು ಅಂತ ಬರದು, ಒಂದು ಟಿಕೆಟ್ಟಿನ ದರಾ ಹಾಕಿ, ಅದನ್ನ ಐವತ್ತೆರಡರಿಂದ ಗುಣಿಸಿದ್ರು. ದಿನಕ್ಕ ಎರಡು ಟಿಕೆಟ್, ಇಪ್ಪತ್ತಾರು ದಿನ. ಅದೇ ಹೊತ್ತಿಗೆ ನಮ್ಮನಿಯವ್ರು ಬಾಗಲಾಗ ನಿಂತಿದ್ರು. ಅವರ ಅಂಗಿ ಕಿಸೇದಾಗ ಪಾಸ್ ಇತ್ತು. ಮಾವನವ್ರೂ ರಿಟೈರ್ ಆಗೂತನಾ ಪಾಸ್ ಮ್ಯಾಲೇ ಓಡಾಡಿದವ್ರು. ಗಂಡಸೂರ ಓಡಾಟಕ್ಕ ಪಾಸು, ನನ್ನ ಓಡಾಟಕ್ಕ ಟಿಕೆಟ್ಟು. ನನಗೂ ಒಂದು ಪಾಸ್ ತಗೀಬಹುದು ಅಂತ ಆ ಮನ್ಯಾಗ ಯಾರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ಮರದಿನ ಮುಂಜಾನೆ ಚಹಾ ಕುಡಿಯೂ ಮುಂದ ನಮ್ಮನಿಯವ್ರಿಗೆ ಕೇಳಿದೆ, "ಏನ್ರೀ, ಅವತ್ತು ಮಾವನವ್ರು ನನಗ ಟಿಕೆಟ್ ಲೆಕ್ಕಾ ಹಾಕಿದ್ರಲ್ಲಾ, ನೀವು ಪಾಸ್ ಅಂತ ಯಾಕ ಅನ್ಲಿಲ್ಲ?" ಅವರು ಭಾಳೊತ್ತು ಸುಮ್ಮನಿದ್ರು. ಆಮ್ಯಾಲೆ "ನನಗ ಅದು ತಲೀಗೇ ಬರ್ಲಿಲ್ಲ ನೋಡು" ಅಂದ್ರು. ಖರೇ ಹೇಳಿದ್ರು ಅಂತ ನನಗನಸ್ತು. ಜಗಳಾ ಮಾಡ್ಲಿಲ್ಲ. ಆದ್ರ "ಈಗ ಕೂಡ್ರಿ, ಸೊಸಿ ಲೆಕ್ಕಾ ನಾವಿಬ್ರೂ ಸೇರಿ ಮತ್ತೊಮ್ಮೆ ಮಾಡೂಣು" ಅಂದೆ. ಹಾಲಿನ ಲೆಕ್ಕದ ವಹಿ ತಗೊಂಡು ಕೂತ್ವಿ. ಮೂವತ್ತೈದು ವರ್ಷ ಈ ಲೈನಿನ ಮ್ಯಾಲೆ ಹೋಗಿ ಬಂದವ್ರು ಅವರು, ಅವರಿಗೆ ಗೊತ್ತಿಲ್ಲದ್ದು ಯಾವುದದ?

ಮದಲನೇದು, ಟಿಕೆಟ್. ಠಾಣಾದಿಂದ ವಿ.ಟಿ., ಅಂದ್ರ ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, 34 ಕಿಲೋಮೀಟರ್. ನಮ್ಮ ದೇಶದಾಗ ಮಂದೀನ ಕೂಡಿಸಿಕೊಂಡ ಮದಲನೇ ರೇಲ್ವೆ 1853ರ ಏಪ್ರಿಲ್ 16ಕ್ಕ ಓಡಿದ್ದು ಇದs ಹಾದಿ ಮ್ಯಾಲೆ, ಬೋರಿಬಂದರದಿಂದ ಠಾಣಾಕ್ಕ. ಇವತ್ತು ಈ ಹಾದಿಗೆ ಸೆಕೆಂಡ್ ಕ್ಲಾಸ್ ಟಿಕೆಟ್ 15 ರೂಪಾಯಿ. ದಿನಾ ಟಿಕೆಟ್ ತಗೊಂಡ್ರ ಹೋಗಿ ಬರ್ಲಿಕ್ಕೆ 30, ಇಪ್ಪತ್ತಾರು ದಿನಕ್ಕ 780.

ಎರಡನೇದು, ಪಾಸ್. ಲೋಕಲ್‌ದ ಸೆಕೆಂಡ್ ಕ್ಲಾಸ್ ತಿಂಗಳ ಪಾಸಿಗೆ ಒಂದು ಸಾದಾ ಲೆಕ್ಕಾ ಅದ. ಹೆಚ್ಚುಕಡಿಮಿ ಹದಿನೈದು ಟಿಕೆಟ್ಟಿನ ರೊಕ್ಕಾ ಕೊಟ್ರ ತಿಂಗಳತನಾ ಎಷ್ಟು ಸಲ ಬೇಕಾದ್ರೂ ಹೋಗಿ ಬರಬಹುದು. ಹದಿನೈದು ಹದಿನೈದಲೆ ಇನ್ನೂರಾ ಇಪ್ಪತ್ತೈದು, ಅದರ ಆಸುಪಾಸು ಬರ್ತದ ಅಂತ ಹಿಡಕೋರಿ. ನಿಮಗ ನೆನಪಿರಬೇಕು, 2014ರ ಜೂನ್ ತಿಂಗಳಾಗ ಹದಿನೈದರ ಬದಲಿ ಮೂವತ್ತು ಟಿಕೆಟ್ಟಿನ ಲೆಕ್ಕಾ ಹಚ್ತೀವಿ ಅಂತ ರೇಲ್ವೆಯವ್ರು ಹೇಳಿದ್ರು. ಪಾಸ್ ದುಪ್ಪಟ್ಟಾಗ್ತದಂತ ಮುಂಬೈ ತುಂಬ ಗದ್ದಲ ಆತು. ಕೆಲವs ದಿನದಾಗ ಸೆಕೆಂಡ್ ಕ್ಲಾಸಿಂದು ಹಿಂದ ತಗೊಂಡ್ರು. ಅವತ್ತು ನಮ್ಮ ಬಿಲ್ಡಿಂಗಿನ ಹೆಣಮಕ್ಕಳು ಎಷ್ಟು ಮಾತಾಡಿದ್ರು! ಆದ್ರ ಅವರೊಳಗ ಅರ್ಧಾ ಮಂದಿ ತಮ್ಮ ಹೆಸರಿನ ಪಾಸ್ ಒಂದಿನಾನೂ ತಗದವ್ರಲ್ಲ. ಗಂಡನ ಪಾಸಿನ ಸಲುವಾಗಿ ಮಾತಾಡಿದ್ವಿ ನಾವು.

ಇರ್ಲಿ. ಈ ಹದಿನೈದು ಅನ್ನೂ ಅಂಕಿ ಒಂದು ನೆನಪಿಟ್ಕೊಂಡ್ರ ಸಾಕು, ಟಿಕೆಟ್ ತಗೋಬೇಕೋ ಪಾಸ್ ತಗೋಬೇಕೋ ಅನ್ನೂದು ಬಾಯಿಲೆಕ್ಕದಾಗ ಬರ್ತದ. ತಿಂಗಳಾಗ ಎಂಟು ದಿನ ಹೋಗಿ ಬಂದ್ರ ಹದಿನಾರು ಟಿಕೆಟ್ ಆಗ್ತಾವ. ಅಂದ್ರ ಎಂಟನೇ ದಿನಕ್ಕ ಪಾಸಿನ ರೊಕ್ಕಾ ಮುಟ್ಟಿತು, ಒಂಬತ್ತನೇ ದಿನದಿಂದ ಮುಂದಿನದೆಲ್ಲಾ ಪುಕ್ಕಟೆ. ದಿನಾ ಹೋಗೋರದು ಕೇಳೂದೇ ಬ್ಯಾಡ. ಈಗ ಕೆಲವು ಆಫೀಸಿನ್ಯಾಗ ವಾರಕ್ಕ ಮೂರs ದಿನ ಬಾ ಅಂತಾರ, ಅವರಿಗೂ ಹನ್ನೆರಡು-ಹದಿಮೂರು ದಿನ ಆಗ್ತಾವ, ಪಾಸs ಛಲೋ. ವಾರಕ್ಕ ಎರಡು ದಿನ ಹೋಗೋರಿಗೆ ಎಂಟು-ಒಂಬತ್ತು ದಿನ, ಅಲ್ಲಿಂದಲ್ಲಿಗೆ ಸರಿಹೋಗ್ತದ. ವಾರಕ್ಕ ಒಂದs ದಿನ ಇದ್ರ ಟಿಕೆಟ್ ತಗೊಂಡs ಹೋಗ್ರಿ, ಪಾಸ್ ದಂಡ.

ನಮ್ಮ ಸೊಸೀದು ಇಪ್ಪತ್ತಾರು ದಿನ, ಐವತ್ತೆರಡು ಸಲ. ಇನ್ನೂರಾ ಇಪ್ಪತ್ತೈದನ್ನ ಐವತ್ತೆರಡರಿಂದ ಭಾಗಿಸಿದ್ರ ಒಂದು ಸಲಕ್ಕ ನಾಲ್ಕೂಕಾಲು ರೂಪಾಯಿ. ಮೂವತ್ನಾಲ್ಕು ಕಿಲೋಮೀಟರಿಗೆ ನಾಲ್ಕೂಕಾಲು ರೂಪಾಯಿ! ಮೂಲಿ ಅಂಗಡಿಯೊಳಗ ಒಂದು ಪೆಂಡಿ ಕೊತ್ತಂಬರಿ ಬರಂಗಿಲ್ಲ ಅದಕ್ಕ.

ಮೂರನೇದು ನಮ್ಮನಿಯವ್ರು ಹೇಳಿದ್ದು, ನನಗೂ ಗೊತ್ತಿರ್ಲಿಲ್ಲ. ಪಾಸ್ ಒಂದು ತಿಂಗಳಿಂದು ಸಿಗ್ತದ, ಮೂರು ತಿಂಗಳಿಂದು, ಆರು ತಿಂಗಳಿಂದು, ವರ್ಷದ್ದೂ ಸಿಗ್ತದ. ಮೂರು ತಿಂಗಳ ಪಾಸಿಗೆ ಮೂರು ಪಟ್ಟು ರೊಕ್ಕಾ ಅಲ್ಲ, 2.7 ಪಟ್ಟು. ಆರು ತಿಂಗಳಿಗೆ 5.4 ಪಟ್ಟು. ವರ್ಷಕ್ಕ 10.8 ಪಟ್ಟು. ಅಂದ್ರ ನೂರಕ್ಕ ಹತ್ತು ಉಳೀತಾವ. ಆದ್ರ ನೋಡ್ರಿ, ಮೂರು ತಿಂಗಳಿಂದs ನಾಲ್ಕು ಸಲ ತಗೊಂಡ್ರೂ ನಾಲ್ಕು ಇಪ್ಪತ್ತೇಳಲೆ ನೂರಾಎಂಟು, ಅದೂ 10.8ನs ಆತು. ವರ್ಷದ್ದು ತಗೊಂಡ್ರ ಹೆಚ್ಚಿಗೆ ಏನೂ ಉಳಿಯಂಗಿಲ್ಲ. ನಡುವs ನೌಕರಿ ಬಿಟ್ರ, ಪಾಸ್ ಕಳದ್ರ, ಬಸರಿ-ಬಾಣಂತನ ಬಂದ್ರ ವರ್ಷದ ರೊಕ್ಕಾ ಸಿಕ್ಕೊಂಡು ಕೂಡ್ತದ. ಅದಕ್ಕ ಹೊಸದಾಗಿ ಹೊಂಟೋರು ಮದಲ ಒಂದು ತಿಂಗಳಿಂದು ತಗೊಂಡು ನೋಡ್ರಿ, ಆಮ್ಯಾಲೆ ಮೂರು ತಿಂಗಳಿಂದು. ನಮ್ಮನಿಯವ್ರು ಮೂವತ್ತೈದು ವರ್ಷ ಮೂರು ತಿಂಗಳಿಂದs ತಗೀತಿದ್ರಂತ.

ನಾಲ್ಕನೇದು ರಿಕ್ಷಾ. ಖರೇ ಖರ್ಚು ಇರೂದೇ ಇಲ್ಲಿ. ನಮ್ಮ ಮನಿಯಿಂದ ಸ್ಟೇಶನ್ ಒಂದೂವರಿ ಕಿಲೋಮೀಟರಿನೊಳಗs ಬರ್ತದ. 2025ರ ಫೆಬ್ರುವರಿಯಿಂದ ಇಲ್ಲಿ ರಿಕ್ಷಾದ ಕನಿಷ್ಠ ದರ 26 ರೂಪಾಯಿ ಆಗೇದ. ಹೋಗೂ ಮುಂದೂ ಬರೂ ಮುಂದೂ ರಿಕ್ಷಾ ಹಿಡದ್ರ ತಿಂಗಳಿಗೆ ಸಾವಿರದ ಮುನ್ನೂರಾ ಐವತ್ತೆರಡು. ಪಾಸಿನ ಆರು ಪಟ್ಟು! ಮೂವತ್ನಾಲ್ಕು ಕಿಲೋಮೀಟರ್ ಕರಕೊಂಡು ಹೋಗೂ ಗಾಡಿಗೆ ನಾಲ್ಕೂಕಾಲು, ಮನಿ ಮುಂದಿನ ರಸ್ತಾಕ್ಕ ಇಪ್ಪತ್ತಾರು. ಗಾಡಿ ತುಟ್ಟಿ, ದೂರದ ನೌಕರಿ ಪೂರೈಸಂಗಿಲ್ಲ ಅಂತ ನಾವು ಅಂತಿರ್ತೀವಿ. ತುಟ್ಟಿ ಇರೂದು ದೂರ ಅಲ್ಲ, ಮನಿಯಿಂದ ಸ್ಟೇಶನ್ನಿನ ಆ ಒಂದೂವರಿ ಕಿಲೋಮೀಟರ್. ಸೊಸಿ "ಮುಂಜಾನೆ ನಡಕೊಂಡು ಹೋಗ್ತೀನಿ ಅತ್ತಿ, ಸಂಜೀಕೆ ಒಂದು ಹೊತ್ತು ರಿಕ್ಷಾ ಸಾಕು" ಅಂದ್ಲು. ಹಂಗಾದ್ರ ಆರುನೂರಾ ಎಪ್ಪತ್ತಾರು. ಆ ತುದೀಗೆ ವಿ.ಟಿ.ಯಿಂದ ಅಕಿ ಆಫೀಸ್ ನಡಕೊಂಡು ಹೋಗೂವಷ್ಟು ಹತ್ತರದ, ಖರ್ಚಿಲ್ಲ.

ಕೂಡಿಸಿದ್ವಿ. ಪಾಸಿಗೆ 225, ರಿಕ್ಷಾಕ್ಕ 676. ಒಟ್ಟು ಒಂಬೈನೂರಾ ಒಂದು ರೂಪಾಯಿ. ಮಗಾ ಹೇಳಿದ್ದು ಮೂರು ಸಾವಿರದ ಒಂಬೈನೂರು. ಬರೇ ಓಡಾಟ ಅನ್ನೂ ಒಂದು ಸಾಲಿನ್ಯಾಗ ಮೂರು ಸಾವಿರ ರೂಪಾಯಿ ಹೆಚ್ಚು ಹಿಡದಿದ್ದ.

ಸಂಜೀಕೆ ಅಂವಗ ವಹಿ ತೋರಿಸಿದೆ. "ಈ ನೂರಾ ಐವತ್ತು ಎಲ್ಲಿಂದ ತಂದೆಪಾ?" ಅಂತ ಕೇಳಿದೆ. "ಸುಮ್ಮನ ಒಂದು ಅಂದಾಜು ಅವ್ವಾ" ಅಂದ. ಸರಿ ಬಿಡು, ನಿನ್ನ ಆಫೀಸಿಗೆ ದಿನಾ ಗಾಡಿ ಮ್ಯಾಲೆ ಐರೋಲಿಗೆ ಹೋಗ್ತಿಯಲ್ಲಾ, ತಿಂಗಳಿಗೆ ಪೆಟ್ರೋಲಿಗೆ ಎಷ್ಟು ಹೋಗ್ತದ ಅಂದೆ. "ಅದು ಬ್ಯಾರೆ ಅವ್ವಾ" ಅಂದ. ಅಂದದ್ದs ತಡಾ, ತನ್ನ ಮಾತು ತನಗs ಕೇಳಿಸಿದಂಗ ಆಗಿ ನಕ್ಕಬಿಟ್ಟ.

ನಾ ಈ ಲೇಖ ಬರೀಲಿಕ್ಕೆ ಕಾರಣಾ ಇಲ್ಲೇ ಅದ ನೋಡ್ರಿ. "ಅದು ಬ್ಯಾರೆ" ಅನ್ನೂದು. ಮಗನ ಪಗಾರ ಎಷ್ಟು ಅಂದ್ರ ಕೈಗೆ ಬರೂ ಪೂರಾ ರೊಕ್ಕಾ ಹೇಳ್ತೀವಿ. ಅದರಾಗಿಂದ ಅಂವನ ಪೆಟ್ರೋಲು, ಇಸ್ತ್ರಿ, ಬೂಟು, ಹೊರಗಿನ ಚಹಾ ಯಾರರೆ ಕಳದದ್ದು ನೋಡೀರೇನು? ಅವೆಲ್ಲಾ ಮನಿ ಖರ್ಚು. ಸೊಸಿ ಪಗಾರ ಅಂದಕೂಡಲೆ ಅಕಿ ಚಪ್ಪಲೀತನಾ ಕಳೀತೀವಿ. ಅಕಿ ಮನ್ಯಾಗ ಕೂತ್ರ ಚಪ್ಪಲಿ ಹಾಕ್ಕೊಳ್ಳಂಗಿಲ್ಲೇನು? ಮಧ್ಯಾಹ್ನ ಊಟಾ ಮೂರು ಸಾವಿರ ಅಂತ. ಮನ್ಯಾಗಿದ್ರ ಉಪಾಸ ಇರ್ತಾಳೇನು? ಮನೀದೇ ಎರಡು ಚಪಾತಿ, ಪಲ್ಯಾ ಡಬ್ಬ್ಯಾಗ ಹಾಕ್ಕೊಂಡು ಹೋಗ್ತಾಳ, ಅದಕ್ಕ ಖರ್ಚೆಲ್ಲೇದ?

ಹುಡುಗನ್ನ ನೋಡ್ಕೊಳ್ಳೂ ಖರ್ಚಂತೂ ಯಾವಾಗಲೂ ತಾಯಿ ಪಗಾರದಾಗs ಕಳಿಯೂದು. ಹುಡುಗ ಅಕಿ ಒಬ್ಬಾಕೀದೇನು? ಪಾಳಣಾಘರಕ್ಕ ಎಂಟು ಸಾವಿರ ಇದ್ರ ನಾಲ್ಕು ಅವನ ಪಗಾರದಾಗ ಹಿಡೀರಿ, ನಾಲ್ಕು ಅಕೀದ್ರಾಗ. ಆಮ್ಯಾಲೆ ನೋಡ್ರಿ ಯಾರದ್ದು ಎಷ್ಟು ಉಳೀತದ. ಲೆಕ್ಕಾ ಸುಳ್ಳಲ್ಲ, ಕೂಡಿಸೂದು-ಕಳಿಯೂದು ಎಲ್ಲಾ ಬರೋಬ್ಬರಿ ಇರ್ತದ. ಯಾವ ಖರ್ಚು ಯಾರ ಹೆಸರಿಗೆ ಬರೀತೀವಿ ಅನ್ನೂದ್ರಾಗ ತಪ್ಪಿರ್ತದ.

ನಮ್ಮ ಅಕ್ಕನ ಮುಂದ ಇದನ್ನೆಲ್ಲಾ ಹೇಳಿದಾಗ ಅಕಿ ಒಪ್ಪಲಿಲ್ಲ. ಅಕಿ ಮಗಳು ಡೊಂಬಿವಲಿಯಿಂದ ಎಂಟು ವರ್ಷ ಓಡಾಡ್ಯಾಳ. "ರೊಕ್ಕಾ ನಾಲ್ಕು ರೂಪಾಯಿ ಇರಬಹುದs, ಜೀವಾ ಎಷ್ಟು ತೇಯ್ತದ ಅದನ್ನೂ ಬರಿ" ಅಂದ್ಲು. ಅದು ಖರೇನs. ಮುಂಜಾನೆ ಎಂಟೂವರಿ ಫಾಸ್ಟ್ ಗಾಡಿಯೊಳಗ ಹೆಣಮಕ್ಕಳ ಡಬ್ಬ್ಯಾಗೂ ಕಾಲಿಡ್ಲಿಕ್ಕೆ ಜಾಗಾ ಇರಂಗಿಲ್ಲ. ಬಾಗಲಾಗ ಜೋತು ಬೀಳೂದು ನೋಡಿದ್ರ ಎದಿ ಝಲ್ ಅಂತದ. ಅಂಥಾ ದಿನಾ ಮನಿಗೆ ಬಂದಾಕಿಗೆ ಒಂದು ಲೋಟಾ ನೀರು ಕೈಯಾಗ ಕೊಡೋರು ಇರಬೇಕು. ಅದನ್ನ ನಾ ಅಲ್ಲಗಳಿಯಂಗಿಲ್ಲ.

ಆದ್ರ ಅದಕ್ಕೂ ಒಂದು ಲೆಕ್ಕಾ ಅದ. ಫಾಸ್ಟ್ ಗಾಡಿ ಮುಕ್ಕಾಲು ತಾಸಿನ ಆಸುಪಾಸು ಹಚ್ಚತದ, ಸ್ಲೋ ಗಾಡಿ ಒಂದು ತಾಸು. ಸ್ಲೋ ಒಳಗ ಠಾಣಾದಿಂದs ಬಿಡೂ ಗಾಡಿ ಇರ್ತಾವ. ಅಲ್ಲೇ ಖಾಲಿ ಡಬ್ಬಿ ಹತ್ತಿದ್ರ ಕೂಡ್ಲಿಕ್ಕೆ ಜಾಗಾ ಸಿಗ್ತದ. ಕಾಲು ತಾಸು ಜಾಸ್ತಿ ಕೊಟ್ಟು ಕೂತ ಜಾಗಾ ತಗೊಂಡಂಗ. ನಮ್ಮ ಸೊಸಿ ಇಪ್ಪತ್ತು ನಿಮಿಷ ಮದಲ ಮನಿ ಬಿಡ್ತಾಳ, ಕೂತು ಹೋಗ್ತಾಳ. ರೊಕ್ಕಾ ಒಂದೇ, ಹೊತ್ತು ಬ್ಯಾರೆ.

ಇನ್ನ ಫಸ್ಟ್ ಕ್ಲಾಸ್ ಮಾತು. 2022ರ ಮೇ 5ರಿಂದ ಫಸ್ಟ್ ಕ್ಲಾಸ್ ಟಿಕೆಟ್ ಇಳಿಸ್ಯಾರ, ಠಾಣಾದಿಂದ ವಿ.ಟಿ.ಗೆ 140 ಇದ್ದದ್ದು 85 ಆಗೇದ. ಅವತ್ತs ಏಸಿ ಲೋಕಲ್‌ದ ಕನಿಷ್ಠ ದರಾನೂ 65ರಿಂದ 30ಕ್ಕ ಬಂತು. ಇಳದ್ರೂ ದಿನದ ಓಡಾಟಕ್ಕ ತುಟ್ಟೀನs. ನಾ ಹೇಳೂದು ಏನಂದ್ರ, ದಿನಾ ಅದರಾಗs ಹೋಗ್ತೀನಿ ಅನಬ್ಯಾಡ್ರಿ, ಎಂದೂ ಹೋಗಂಗಿಲ್ಲ ಅಂತನೂ ಅನಬ್ಯಾಡ್ರಿ. ಮೈಯಾಗ ಆರಾಮಿಲ್ಲದ ದಿನಾ, ಮುಟ್ಟಿನ ಹೊಟ್ಟೀಬ್ಯಾನಿ ದಿನಾ ಒಂದು ಎಂಬತ್ತೈದು ರೂಪಾಯಿ ಕೊಟ್ಟು ಕೂತು ಬರ್ರಿ. ತಿಂಗಳಿಗೆ ಎರಡು ಸಲ ಹಿಂಗ ಅಂತ ಲೆಕ್ಕದಾಗ ಮದಲs ಬರದಿಡ್ರಿ, ಮತ್ತ ಮನಸಿಗೆ ಹತ್ತಂಗಿಲ್ಲ. ನಾವು ಸೊಸಿ ವಹಿಯೊಳಗ 170 ಅಂತ ಬರದೀವಿ. ಒಂಬೈನೂರಾ ಒಂದು ಇದ್ದದ್ದು ಸಾವಿರದ ಎಪ್ಪತ್ತೊಂದು ಆತು, ಆಗ್ಲಿ.

ಒಂದು ಮಾತು ಮಾತ್ರ ಹುಷಾರ್. ಹೆಣಮಕ್ಕಳ ಸೆಕೆಂಡ್ ಕ್ಲಾಸ್ ಡಬ್ಬಿ, ಫಸ್ಟ್ ಕ್ಲಾಸ್ ಡಬ್ಬಿ ಬಾಜೂಬಾಜೂನs ಇರ್ತಾವ. ನಾ ಒಮ್ಮೆ ಗಡಿಬಿಡಿಯೊಳಗ ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಕೊಂಡು ಫಸ್ಟ್ ಕ್ಲಾಸಿನ್ಯಾಗ ಹತ್ತಿದ್ದೆ. ಇಂಥಾ ತಪ್ಪಿಗೆ ಕಡಿಮಿ ಅಂದ್ರ 250 ರೂಪಾಯಿ ದಂಡ, ಮ್ಯಾಲೆ ಟಿಕೆಟ್ಟಿನ ರೊಕ್ಕಾ ಬ್ಯಾರೆ. ಟಿ.ಸಿ. ಹೆಣಮಗಳು ಮರ್ಯಾದಿಲೇ ಮಾತಾಡಿದ್ಲು, ದಂಡಾ ಮಾತ್ರ ಬಿಡ್ಲಿಲ್ಲ. ಒಂದು ತಿಂಗಳ ಪಾಸ್ ಬರ್ತಿತ್ತು ಆ ರೊಕ್ಕದಾಗ. ಇನ್ನೊಂದು, ಪಾಸ್ ಯಾರ ಹೆಸರಿಲೆ ಅದನೋ ಅವರಿಗಷ್ಟs ನಡೀತದ. ಅವ್ವಂದು ಮಗಳಿಗೆ, ಅಕ್ಕಂದು ತಂಗೀಗೆ ನಡಿಯಂಗಿಲ್ಲ.

ಪಾಸಿನಿಂದ ಮತ್ತೊಂದು ಲಾಭ ಅದ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಠಾಣಾದಿಂದ ವಿ.ಟಿ. ಪಾಸ್ ಇದ್ರ ಆ ಲೈನಿನ ಮ್ಯಾಲೆ ನಡುವಿನ ಯಾವ ಸ್ಟೇಶನ್ನಿನ್ಯಾಗ ಬೇಕಾದ್ರೂ ಇಳೀಬಹುದು, ರವಿವಾರನೂ ನಡೀತದ. ಮುಲುಂಡಿನ ಮಾವಶಿ ಮನಿ, ಕುರ್ಲಾದ ಗೆಳತಿ ಮನಿ, ಮಾಟುಂಗಾದಾಗ ಬಾಳಿಎಲಿ, ಮಲ್ಲಿಗಿ ಹೂವಾ, ಫಿಲ್ಟರ್ ಕಾಫಿಪುಡಿ ತರೂದು, ಎಲ್ಲಾ ಅದರಾಗs. ಮಾಟುಂಗಾ ಸ್ಟೇಶನ್ ಅಂತೂ 2017ರಿಂದ ಪೂರಾ ಹೆಣಮಕ್ಕಳೇ ನಡಸ್ತಾರ, ಸ್ಟೇಶನ್ ಮಾಸ್ತರಿಂದ ಹಿಡದು ಟಿಕೆಟ್ ಕೊಡೋರತನಾ. ಅಲ್ಲಿ ಇಳದಾಗೆಲ್ಲಾ ನನಗ ಒಂಥರಾ ಖುಷಿ ಆಗ್ತದ. ಈ ಹೆಣಮಕ್ಕಳ ಮನಿಯೊಳಗೂ ಒಂದಿನಾ ಯಾರೋ ಹಾಳಿ ಹರದು ಲೆಕ್ಕಾ ಹಾಕಿರಬೇಕಲ್ಲಾ ಅನಸ್ತದ.

ನಿಮ್ಮನ್ಯಾಗ ಇಂಥಾ ಮಾತು ಬಂದ್ರ ನೀವs ಪೆನ್ಸಿಲ್ ಹಿಡೀರಿ. ಮನಿ ಬಾಗಲದಿಂದ ಆಫೀಸಿನ ಬಾಗಲತನಾ ಮೂರು ತುಂಡು ಮಾಡ್ರಿ: ಮನಿಯಿಂದ ಸ್ಟೇಶನ್, ಸ್ಟೇಶನ್ನಿಂದ ಸ್ಟೇಶನ್, ಅಲ್ಲಿಂದ ಆಫೀಸ್. ನಡುವಿನ ತುಂಡಿಗೆ ಪಾಸ್ ಹಾಕ್ರಿ, ಟಿಕೆಟ್ ಅಲ್ಲ. ಆಕಡೆ ಈಕಡೆ ತುಂಡಿಗೆ ಬಸ್ಸೋ, ರಿಕ್ಷಾನೋ, ನಡಿಯೂದೋ ಖರೇಖರೇ ಬರೀರಿ. ತಿಂಗಳಾಗ ಎರಡು-ಮೂರು ದಿನಾ ಮಳಿ, ಗಾಡಿ ತಡಾ, ಆರಾಮಿಲ್ಲ ಅಂತ ಸ್ವಲ್ಪ ಹೆಚ್ಚಿಗೆ ಹಿಡೀರಿ. ಮಳಿಗಾಲದಾಗ ಅದು ಬೇಕs ಬೇಕು. ಸುಮ್ಮನ ಅಂದಾಜು ಅಂತ ಒಂದೂ ಅಂಕಿ ಬರೀಬ್ಯಾಡ್ರಿ. ಕಡೀಕ ಅದರ ಬಾಜೂಕ ಗಂಡಸೂರ ಓಡಾಟದ ಖರ್ಚೂ ಬರೀರಿ. ಇಷ್ಟಾದ ಮ್ಯಾಲೂ ಪೂರೈಸಂಗಿಲ್ಲ ಅನಿಸಿದ್ರ ಬಿಡ್ರಿ, ಅದರಾಗ ತಪ್ಪೇನಿಲ್ಲ. ಆದ್ರ ಬಿಡೂ ಮಾತು ಅಕಿ ಬಾಯಿಂದ ಬರ್ಲಿ. ತಾಟು ಎತ್ತಿಕೊಂಡು ಒಳಗ ಹೋಗೂ ಹಂಗ ಆಗಬಾರದು.

ಸೊಸಿ ಹೋಗ್ಲಿಕ್ಕೆ ಹತ್ತಿ ಈಗ ನಾಲ್ಕು ತಿಂಗಳಾತು. ಎಲ್ಲಾ ಸಕ್ಕರಿ-ತುಪ್ಪ ಅಂತ ಹೇಳಂಗಿಲ್ಲ. ಪಾಳಣಾಘರಕ್ಕ ಹಾಕ್ಲಿಲ್ಲ, ಹುಡುಗನ್ನ ನಾವಿಬ್ರೂ ನೋಡ್ಕೋತೀವಿ. ನನಗ ಮಳಕಾಲು ಬ್ಯಾನಿ, ಮಧ್ಯಾಹ್ನ ಅಡ್ಡಾಗ್ಲಿಕ್ಕೆ ಬಿಡಂಗಿಲ್ಲ ಅಂವ. ಒಂದೊಂದು ದಿನಾ ಸಿಟ್ಟೂ ಬರ್ತದ. ಮದಲನೇ ಪಗಾರ ಬಂದಾಗ ಸೊಸಿ ನನ್ನ ಕೈಯಾಗ ಮೂರು ಸಾವಿರ ಇಟ್ಟು "ಅತ್ತಿ, ಇದು ಪಾಳಣಾಘರದ ರೊಕ್ಕಾ, ನೀವs ಇಟ್ಕೋರಿ" ಅಂದ್ಲು. ಬ್ಯಾಡ ಅನ್ನಬೇಕಂತ ಬಾಯಿ ತಗದೆ, ಆಮ್ಯಾಲೆ ಇಟ್ಕೊಂಡೆ. ಯಾಕ ಬ್ಯಾಡ ಅನ್ನಬೇಕು? ಮಗಾನೂ ನಾಚಿಕೊಂಡು ಮರುತಿಂಗಳಿಂದ ಅಷ್ಟs ಕೊಡ್ಲಿಕ್ಕೆ ಹತ್ಯಾನ. ಅದರಾಗ ಮಧ್ಯಾಹ್ನ ಎರಡು ತಾಸು ಹುಡುಗನ್ನ ಆಡಸ್ಲಿಕ್ಕೆ ಒಬ್ಬ ಹುಡುಗೀನ ಹಚ್ಚೀನಿ.

ಇನ್ನ ನನ್ನ ಮಾತು. ಲೆಕ್ಕಾ ಮಾಡೂ ಮುಂದ ನನಗೂ ಒಂದು ಪಾಸ್ ತಗೀಬೇಕಂತ ಆಸೆ ಆತು, ಬರೇ ನನ್ನ ಹೆಸರು ಅದರ ಮ್ಯಾಲೆ ನೋಡ್ಲಿಕ್ಕೆ. ಆದ್ರ ನಾ ಹೋಗೂದು ವಾರಕ್ಕೊಮ್ಮೆ, ಬುಧವಾರ, ಮಾಟುಂಗಾಕ್ಕ. ತಿಂಗಳಿಗೆ ಎಂಟು ಟಿಕೆಟ್. ಹದಿನೈದಕ್ಕ ಮುಟ್ಟಂಗಿಲ್ಲ. ನಾನೇ ಬರದ ಲೆಕ್ಕಾ ನಾನೇ ಮುರಿಯೂದು ಛಲೋ ಅಲ್ಲ ಅಂತ ಸುಮ್ಮನಾದೆ. ಟಿಕೆಟ್ ತಗೊಂಡs ಹೋಗ್ತೀನಿ. ಮೊದಲ "ಇವತ್ತು ಬ್ಯಾಡ, ಮುಂದಿನ ವಾರ ಹೋದ್ರಾತು, ರೊಕ್ಕಾ ಉಳೀತದ" ಅಂತ ಎಷ್ಟೋ ಬುಧವಾರ ಬಿಟ್ಟೀನಿ. ಈಗ ಬಿಡಂಗಿಲ್ಲ.

ನಿಮ್ಮ ಕಡೆ ಬಸ್ ಪಾಸಿನ ಲೆಕ್ಕಾ ಹೆಂಗದ, ಸಿಕ್ಕಾಗ ಹೇಳ್ರಿ. ವೈನಿ, ಚಟ್ನಿಪುಡಿಗೆ ಉಪ್ಪು ಒಂದೂವರಿ ಚಮಚಾ. ಈ ಸಲ ಬರದೀನಿ ನೋಡ್ರಿ.